ಯಾರ ಮನೆಯ ಮುಂದೂ ಇಲ್ಲದ ಕಾಲುವೆ

ಅಮೆರಿಕದ ಲಾ ಹೋಯಿತಾ ಎಂಬ ಊರಿನಲ್ಲಿ ಪ್ರತಿ ವರ್ಷ ಒಂದೇ ರಗಳೆ. ಮಾರ್ಚ್ ಮುಗಿಯುತ್ತ ಬಂತೆಂದರೆ ಬೆಟ್ಟದ ಮೇಲಿನ ಹಿಮ ಕರಗಿ ಹೊಳೆಗೆ ನೀರು ಬರುತ್ತದೆ. ಹೊಳೆಯ ನೀರು ಹೊಲಕ್ಕೆ ಬರಬೇಕಾದರೆ ಊರ ಕಾಲುವೆಯ ಹೂಳು ತೆಗೆಯಬೇಕು. ತೆಗೆಯುವವರು ಯಾರು? ಚಳಿಗಾಲವೆಲ್ಲ ಒಲೆಯ ಪಕ್ಕ ಕೂತು, ನಮ್ಮಜ್ಜನ ಅಜ್ಜ ತೋಡಿದ ಕಾಲುವೆ ಇದು ಎಂದು ಎದೆ ತಟ್ಟಿಕೊಂಡವರಿಗೆಲ್ಲ ಆ ಒಂದು ಶನಿವಾರ ಬೆಳಿಗ್ಗೆ ಸೊಂಟ ಹಿಡಿದುಕೊಳ್ಳುತ್ತದೆ. ಒಬ್ಬನ ಹಸು ಅವತ್ತೇ ಕರು ಹಾಕುತ್ತದೆ. ಇನ್ನೊಬ್ಬನ ಅತ್ತೆ ಡೆನ್ವರ್‌ನಿಂದ ಬರುತ್ತಾಳೆ. ಆ ಅತ್ತೆ ಪ್ರತಿ ವರ್ಷವೂ ಅದೇ ಶನಿವಾರ ನೋಡಿಕೊಂಡೇ ಬರುತ್ತಾಳೆ.

ಒನೋಫ್ರೆ ಮಾಯೆಸ್ತಾಸ್ ಮಾತ್ರ ಯಾವತ್ತೂ ತಪ್ಪಿಸಿಕೊಂಡವನಲ್ಲ. ನ್ಯೂ ಮೆಕ್ಸಿಕೋದ ಆ ಕಣಿವೆಯಲ್ಲಿ ಕಾಲುವೆಯ ನೀರು ಮೊದಲು ಮುಟ್ಟುವುದೇ ಅವನ ಹೊಲವನ್ನು. ಅವನ ತೂಬು ದಾಟಿದ ಮೇಲೆ ಉಳಿದವರದು. ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ದೊಡ್ಡ ಮಶೀನು ಓಡಿಸಿ ನಿವೃತ್ತನಾದವನು. ನೆಲ ಮಟ್ಟ ಮಾಡುವುದೆಂದರೆ ಅವನಿಗೆ ಬೇರೆಯವರಿಗೆ ಇಸ್ಪೀಟು ಇದ್ದ ಹಾಗೆ. ಈ ವರ್ಷ ಅವನಿಗೆ ಅದಕ್ಕಿಂತ ದೊಡ್ಡ ಕೆಲಸ ಬಂದಿತ್ತು. ಮಗಳು ಅನಲೀಸಾಳ ಮದುವೆ. ಮನೆಯ ಹಿಂದಿನ ಏಪ್ರಿಕಾಟ್ ಮರಗಳ ನಡುವೆ, ಅವಳ ಅಜ್ಜ ಅಜ್ಜಿ ಕುಣಿದ ಜಾಗದಲ್ಲೇ ಮದುವೆಯ ಕುಣಿತ ಆಗಬೇಕು ಎಂದು ಅವಳು ಚಿಕ್ಕವಳಿದ್ದಾಗಿನಿಂದ ಹೇಳುತ್ತ ಬಂದಿದ್ದಳು. ಅಪ್ಪ ಮಾತು ಕೊಟ್ಟಿದ್ದ.

ಹಾಗಾಗಿ ಆ ಗುರುವಾರ ಅವನು ಹಿಂದಿನ ಅಂಗಳದ ಮಣ್ಣನ್ನು ಕೈಕುಂಟೆಯಿಂದ ಎಳೆದು ನುಣ್ಣಗೆ ಮಾಡುತ್ತಿದ್ದಾಗ ಯುಫೇಲಿಯಾ ಮೊಂದ್ರಾಗೊನ್ ಬೇಲಿಯ ಹತ್ತಿರ ಗಾಡಿ ನಿಲ್ಲಿಸಿದಳು. ಯುಫೇಲಿಯಾ ಶಾಲೆ ಬಸ್ಸಿನ ಡ್ರೈವರು, ಕಾಲುವೆ ಸಮಿತಿಯ ಸದಸ್ಯೆ, ಅನಲೀಸಾಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸಿದಾಗ ಎತ್ತಿಕೊಂಡು ನಿಂತ ಧರ್ಮತಾಯಿ. ಆ ಊರಲ್ಲಿ ಅಂಥ ನಂಟಾದವರು ಒಬ್ಬರನ್ನೊಬ್ಬರು ಕೊಂಪಾದ್ರೆ, ಕೊಮಾದ್ರೆ ಎಂದೇ ಕರೆಯಬೇಕು, ಬಹುವಚನದಲ್ಲೇ ಮಾತಾಡಬೇಕು. ಬೈಯುವಾಗಲೂ ಅಷ್ಟೇ.

“ಕೊಂಪಾದ್ರೆ, ನಾಳಿದ್ದು ಕಾಲುವೆ ಕೆಲಸ. ಸಲಿಕೆ ಸಾಣೆ ಹಿಡಿಸಿದೀರಾ, ಇಲ್ಲ ಅದನ್ನೂ ನಾನೇ ಮಾಡಿಕೊಡ್ಲಾ?”

“ಈ ಸಲ ನಾನು ಬರಲ್ಲ ಕೊಮಾದ್ರೆ.”

“ಯಾಕೆ, ಡೆನ್ವರ್ ಅತ್ತೆ ನಿಮ್ಮನೆಗೂ ಬರ್ತಿದಾರಾ?”

“ತಮಾಷೆ ಸಾಕು. ಬಾಡಿಗೆಗೆ ಅಗೆಯೋ ಮಶೀನು ತರಿಸಿದೀನಿ. ನನ್ನ ಹೊಲದ ಮುಂದಿನ ಕಾಲುವೆನ ನಾನೇ ಅಂಗೈ ಹಾಗೆ ಮಾಡಿಬಿಡ್ತೀನಿ. ಕೆಳಗಿನೋರು ಅವರವರ ಮುಂದಿಂದು ಅವರವರು ತೆಕ್ಕೊಳ್ಳಲಿ. ಒಬ್ಬರ ಹಂಗು ಒಬ್ಬರಿಗೆ ಬೇಡ. ಇದರಲ್ಲಿ ತಪ್ಪೇನಿದೆ ಹೇಳಿ ನೋಡೋಣ.”

“ಕೇಳೋಕೆ ಚೆನ್ನಾಗೇ ಇದೆ,” ಎಂದಳು ಯುಫೇಲಿಯಾ, ಬೇಲಿಯ ಮೇಲೆ ಮೊಣಕೈ ಊರಿ. “ಹಳೇ ಶಾಲೆ ಮುಂದಿಂದನ್ನ ಯಾರು ತೆಗೀತಾರೆ?”

ಒನೋಫ್ರೆಯ ಬೇಲಿ ಮುಗಿದ ಕೂಡಲೇ ಹಳೆಯ ಶಾಲೆಯ ಬಯಲು. ಶಾಲೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಟ್ಟಡವೂ ಬಿದ್ದುಹೋಗಿ, ಎತ್ತರದ ಬಯಲೊಂದು ಉಳಿದಿತ್ತು. ಅದರ ಅಂಚಿನಲ್ಲಿ ಕಾಲುವೆ ದೊಡ್ಡ ಕಾಟನ್‌ವುಡ್ ಮರಗಳ ಕೆಳಗೆ ಬಳಸಿಕೊಂಡು ಹೋಗುತ್ತಿತ್ತು.

“ಶಾಲೆ ಮುಚ್ಚಿಹೋಯ್ತಲ್ಲ.”

“ಶಾಲೆ ಮುಚ್ತು, ಕಾಲುವೆ ಮುಚ್ಚಿಲ್ಲ. ಅದನ್ನ ಯಾರು ತೆಗೀತಾರೆ?”

“ಯಾರದೋ ಅವರು.”

“ಯಾರದ್ದೂ ಅಲ್ಲ ಅದು.”

“ಯಾರದ್ದೂ ಅಲ್ಲ ಅಂದ್ಮೇಲೆ ನನ್ನದಂತೂ ಅಲ್ಲ ತಾನೇ,” ಎಂದು ಒನೋಫ್ರೆ ನಕ್ಕ. ಮಾತು ತನಗೇ ರುಚಿಸಿತು. ಹೆಂಡತಿಗೆ ಕೇಳಿಸಿತೇ ಎಂದು ಅಡುಗೆಮನೆಯ ಕಿಟಕಿಯ ಕಡೆ ನೋಡಿದ.

ಓರ್ಲಿಂದಾಳಿಗೆ ಕೇಳಿಸಿತ್ತು. “ಜಾಣ, ಬಹಳ ಜಾಣ,” ಎಂದು ಅವಳು ಒಳಗಿನಿಂದಲೇ ಹೇಳಿದಳು. ಅದು ಹೊಗಳಿಕೆಯಂತೆ ಕೇಳಲಿಲ್ಲ.

ಯುಫೇಲಿಯಾ ಅಷ್ಟಕ್ಕೇ ಹೋಗುವವಳಲ್ಲ. “ಇನ್ನೊಂದು ವಿಷಯ. ದೋನ್ ಮೆಲಿತೋನ್‌ಗೆ ಮಂಡಿ ನೋವು, ದಂಡೆ ಮೇಲೆ ನಡೆಯೋಕೆ ಆಗ್ತಿಲ್ಲ. ಮುಂದಿನ ವರ್ಷಕ್ಕೆ ಬೇರೆ ನೀರುಗಂಟಿ ಬೇಕು. ಸಮಿತಿ ನಿಮ್ಮ ಹೆಸರು ಹೇಳ್ತಿದೆ.”

“ಊರೆಲ್ಲರ ಹತ್ತಿರ ಬೈಸ್ಕೊಳ್ಳೋಕೆ ನನಗೇನು ಹುಚ್ಚಾ ಕೊಮಾದ್ರೆ? ಮೇಲಿನೋನಿಗೆ ನೀರು ಜಾಸ್ತಿ ಬಿಟ್ಟೆ ಅಂತ ಕೆಳಗಿನೋನು, ಕೆಳಗಿನೋನಿಗೆ ಬಿಟ್ಟೆ ಅಂತ ಮೇಲಿನೋನು. ಬೇಡಪ್ಪಾ ಬೇಡ.”

“ಸರಿ. ಮದುವೆಗೆ ಬಿಸ್ಕೊಚೀತೊ ಬಿಸ್ಕತ್ತು ನಾನೇ ಮಾಡ್ತಿದೀನಿ, ಮರೀಬೇಡಿ. ಯಾರದೋ ಮದುವೆ ಅಂತ ಸುಮ್ಮನಿರೋಕೆ ನನಗೆ ಬರಲ್ಲ ನೋಡಿ,” ಎಂದು ಹೇಳಿ ಯುಫೇಲಿಯಾ ಗಾಡಿ ಹತ್ತಿದಳು.

ಆ ಊರ ಕಾಲುವೆ ಕೆಲಸಕ್ಕೆ ಒಂದು ಪದ್ಧತಿ ಇದೆ. ಬೆಳಿಗ್ಗೆ ಎಲ್ಲರೂ ಸಲಿಕೆ ಹಿಡಿದು ಕಾಲುವೆಯೊಳಗೆ ಸಾಲಾಗಿ ನಿಲ್ಲುತ್ತಾರೆ. ನೀರುಗಂಟಿ ಒಂದು ವಿಲೋ ಕೋಲು ಹಿಡಿದು, ಇಲ್ಲಿಂದ ಇಲ್ಲಿಗೆ ನಿನ್ನದು, ಇಲ್ಲಿಂದ ಇಲ್ಲಿಗೆ ನಿನ್ನದು ಎಂದು ಅಳೆದು ಗೆರೆ ಎಳೆಯುತ್ತಾನೆ. ಎಲ್ಲರ ತುಂಡೂ ಮುಗಿದ ಮೇಲೆ ‘ವುಯೆಲ್ತಾ’ ಎಂದು ಕೂಗುತ್ತಾನೆ. ಆಗ ಇಡೀ ಸಾಲು ಮುಂದಕ್ಕೆ ನಡೆಯುತ್ತದೆ, ಮತ್ತೆ ಅಳತೆ, ಮತ್ತೆ ತುಂಡು. ಯಾರ ಮನೆಯ ಮುಂದೆ ಯಾರಿಗೆ ತುಂಡು ಬೀಳುತ್ತದೋ ಹೇಳುವಂತಿಲ್ಲ. ಒಬ್ಬ ಯಾರ ಜೊತೆ ಮಾತು ಬಿಟ್ಟಿದ್ದಾನೋ ಅವನ ಮನೆಯ ಮುಂದೆಯೇ ಬಗ್ಗಿ ಹೂಳು ತೆಗೆಯುತ್ತಿರುತ್ತಾನೆ.

ಈ ಶನಿವಾರ ಒನೋಫ್ರೆಯ ಮಶೀನಿನ ಸದ್ದು ಕಣಿವೆಗೆಲ್ಲ ಕೇಳಿತು. ಸದ್ದಿನ ಜೊತೆ ಅವನ ಮಾತೂ ಹರಡಿತು. ಅವನು ಹೇಳೋದೂ ಸರಿ ಬಿಡಿ, ಅವರವರದು ಅವರವರು ಮಾಡ್ಕೊಂಡ್ರೆ ಆಯ್ತಲ್ಲ, ಎಂದು ಒಬ್ಬರ ಹಿಂದೆ ಒಬ್ಬರು ತಮ್ಮ ತಮ್ಮ ಬೇಲಿಯ ಹತ್ತಿರ ಹೋಗಿ ಅಗೆದರು. ದೋನ್ ಮೆಲಿತೋನ್ ವಿಲೋ ಕೋಲು ಹಿಡಿದು ಬಂದಾಗ ಅಳೆಯುವುದಕ್ಕೆ ಸಾಲೇ ಇರಲಿಲ್ಲ. ಅವನೂ ಯುಫೇಲಿಯಾಳೂ ಶಾಲೆಯ ಮುಂದಿನ ತುಂಡಿನಲ್ಲಿ ಇಳಿದು ಸ್ವಲ್ಪ ಹೊತ್ತು ಅಗೆದರು. ಕಾಟನ್‌ವುಡ್ ಬೇರು ಅಡ್ಡ ಬಂತು, ಮುದುಕನ ಮಂಡಿ ಅಡ್ಡ ಬಂತು. ಬಿಟ್ಟು ಮನೆಗೆ ಹೋದರು.

ಒನೋಫ್ರೆಯ ಕಾಲುವೆಯಂತೂ ನೋಡುವ ಹಾಗಿತ್ತು. ತಳಕ್ಕೆ ಮಟ್ಟಗೋಲು ಇಟ್ಟು ನೋಡಬಹುದಿತ್ತು. ಮಶೀನು ತಿರುಗಿಸುವಾಗ ಮನೆಯ ಕಡೆಯ ಏರಿಯ ತಲೆ ಒಂದು ಕಡೆ ಸ್ವಲ್ಪ ಸವರಿ ಹೋಗಿತ್ತು. ಅದನ್ನು ಅವನು ಕಾಲಿನಿಂದ ತುಳಿದು ಸರಿ ಮಾಡಿದ. ಹೆಂಡತಿಯನ್ನು ಕರೆದು ತೋರಿಸಿದ.

“ಚೆನ್ನಾಗಿದೆ,” ಎಂದಳು ಓರ್ಲಿಂದಾ. “ನೀರಿಗೆ ಎಲ್ಲಿಗೆ ಹೋಗು ಅಂತ ಹೇಳಿದೀಯಾ?”

ಮದುವೆ ಮುಂದಿನ ವಾರದ ಶನಿವಾರ. ಅದರ ಹಿಂದಿನ ಗುರುವಾರ ಬೆಳಿಗ್ಗೆ ದೋನ್ ಮೆಲಿತೋನ್ ಹೊಳೆಯ ಹತ್ತಿರದ ದೊಡ್ಡ ತೂಬು ಎತ್ತಿ ವರ್ಷದ ಮೊದಲ ನೀರು ಬಿಟ್ಟ. ಮೊದಲ ನೀರು ಬರುವುದನ್ನು ನೋಡುವುದೇ ಒಂದು ಸಂತೋಷ. ಒಣ ಎಲೆ, ಕಡ್ಡಿ, ಕಂದು ನೊರೆ ಎಲ್ಲವನ್ನೂ ಮೂತಿಯಿಂದ ನೂಕುತ್ತ, ಮೂಸುತ್ತ ಮೂಸುತ್ತ ಬರುವ ನಾಯಿಯ ಹಾಗೆ ಬರುತ್ತದೆ. ಒನೋಫ್ರೆ ಏರಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದ. ನೀರು ಅವನ ನುಣುಪು ಕಾಲುವೆಯಲ್ಲಿ ಎಲ್ಲೂ ತಡೆಯದೆ ಜಾರಿಕೊಂಡು ಹೋಯಿತು. ಅವನು ಟೋಪಿ ಹಿಂದೆ ತಳ್ಳಿ, ಒಳಗೆ ಹೋಗಿ ಹಸಿಮೆಣಸಿನಕಾಯಿ ಹಾಕಿದ ಮೊಟ್ಟೆ, ತೊರ್ತಿಯಾ ರೊಟ್ಟಿ ತಿನ್ನಲು ಕೂತ. ಎರಡನೇ ಸಲ ಬಡಿಸಿಕೊಂಡ.

“ಒನೋಫ್ರೆ,” ಎಂದಳು ಓರ್ಲಿಂದಾ, ಕಿಟಕಿಯ ಹತ್ತಿರ ನಿಂತು. “ನಮ್ಮ ಕೋಳಿಗಳು ಯಾಕೆ ಸೌದೆ ಒಟ್ಟಿಲ ಮೇಲೆ ಹತ್ತಿ ಕೂತಿವೆ?”

ಅವನು ಎದ್ದು ಬಂದು ನೋಡಿದ. ಹುಂಜ ಸೌದೆಯ ತುದಿಯಲ್ಲಿತ್ತು. ಹೇಂಟೆಗಳು ಅದರ ಕೆಳಗೆ, ದೊಡ್ಡವರ ಸಭೆಯ ಹಾಗೆ ಸಾಲಾಗಿ ಕೂತಿದ್ದವು. ಅವುಗಳ ಸುತ್ತ ಅವನ ನುಣುಪು ಅಂಗಳದ ತುಂಬ ಏಪ್ರಿಕಾಟ್ ಹೂವು ತೇಲುತ್ತಿತ್ತು.

ಒನೋಫ್ರೆ ಓಡಿಹೋಗಿ ಮೊದಲು ತನ್ನ ಹೊಲದ ತೂಬು ಮುಚ್ಚಿದ. ಕಾಲುವೆಯಲ್ಲಿ ನೀರು ಇನ್ನೂ ಏರಿತು. ಸವರಿದ ಏರಿಯ ತಲೆಯ ಮೇಲಿಂದ ಅದು ಸದ್ದಿಲ್ಲದೆ, ಚಾಪೆ ಬಿಚ್ಚಿದ ಹಾಗೆ ಅಂಗಳಕ್ಕೆ ಇಳಿಯುತ್ತಿತ್ತು. ಅವನು ಸಲಿಕೆಯಿಂದ ಮಣ್ಣು ಹಾಕಿದ, ಮಣ್ಣು ಕರಗಿತು. ಕಲ್ಲು ಹಾಕಿದ, ಪಕ್ಕದಿಂದ ಬಂತು. ಬೇಲಿಯ ತುದಿಗೆ ಹೋಗಿ ಕೆಳಗೆ ನೋಡಿದಾಗ ಎಲ್ಲ ಅರ್ಥವಾಯಿತು. ಶಾಲೆಯ ಮುಂದಿನ ತುಂಡಿನಲ್ಲಿ ಕಾಲುವೆ ಅಂತ ಕರೆಯುವಂಥದ್ದು ಏನೂ ಇರಲಿಲ್ಲ. ಹೂಳು ಗುಡ್ಡೆ ಬಿದ್ದಿತ್ತು. ಮೇಲೆ ವಿಲೋ ಪೊದೆ, ಗಾಳಿಗೆ ಉರುಳಿ ಬಂದ ಒಣ ಮುಳ್ಳುಗಿಡ, ಎಲ್ಲಿಂದಲೋ ಬಂದ ಒಂದು ಮುರುಕಲು ಶಾಲೆ ಕುರ್ಚಿ. ಅವನು ಅಷ್ಟು ಚಂದವಾಗಿ ಸಾಗಹಾಕಿದ ನೀರು ಅಲ್ಲಿಗೆ ಹೋಗಿ, ದಾರಿ ಕಾಣದೆ, ಹಿಂತಿರುಗಿ ಅವನ ಮನೆಗೇ ಬಂದಿತ್ತು.

ಫೋನು ಮಾಡಿದ. “ದೋನ್ ಮೆಲಿತೋನ್, ತೂಬು ಇಳಿಸಿ. ದಯವಿಟ್ಟು ಇಳಿಸಿ.”

“ಇಳಿಸ್ತೀನಿ,” ಎಂದ ಮುದುಕ. “ಕೆಳಗಿನೋರು ಒಬ್ಬೊಬ್ಬರೇ ನಮಗಿನ್ನೂ ನೀರು ಬಂದಿಲ್ಲ ಅಂತ ಫೋನ್ ಮಾಡ್ತಿದ್ರು. ನಿನ್ನೊಬ್ಬನಿಗಾದ್ರೂ ಬಂತಲ್ಲ, ಸಂತೋಷ.”

ಮಧ್ಯಾಹ್ನ ಅನಲೀಸಾ ಮದುವೆಯ ಬಟ್ಟೆಯ ಉದ್ದನೆಯ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಂದಳು. ಮೂಲೆ ತಿರುಗಿ ನಿಂತುಬಿಟ್ಟಳು. ಅಂಗಳದಲ್ಲಿ ಮೊಣಕಾಲುದ್ದ ಕೆಸರು. ಬಾಡಿಗೆ ಮೇಜುಗಳ ಕಾಲುಗಳು ಒಳಗೆ ಹೂತಿದ್ದವು.

“ಅಪ್ಪಾ, ಕುಣಿಯೋಕೆ ಬಟ್ಟೆ ತಂದೆ. ಈಜೋಕೆ ಬೇರೆ ತರಬೇಕಿತ್ತಾ?”

ತಮಾಷೆಗೇ ಹೇಳಿದಳು. ಆಮೇಲೆ ಬಟ್ಟೆಯ ಚೀಲವನ್ನು ಒಳಗಿಟ್ಟು, ಪ್ಯಾಂಟು ಮಡಚಿ, ಒಂದೂ ಮಾತಾಡದೆ ಒಂದೊಂದೇ ಮೇಜು ಎಳೆಯತೊಡಗಿದಳು. ಅಜ್ಜ ಅಜ್ಜಿ ಕುಣಿದ ಜಾಗವನ್ನು ಅವಳು ನೋಡಲಿಲ್ಲ. ಬೈದಿದ್ದರೆ ಒನೋಫ್ರೆ ತಡೆದುಕೊಳ್ಳುತ್ತಿದ್ದ. ಆ ಸುಮ್ಮನಿರುವಿಕೆಯನ್ನು ತಡೆಯಲಾಗದೆ ಗಾಡಿ ಹತ್ತಿ ಯುಫೇಲಿಯಾಳ ಮನೆಗೆ ಹೋದ.

ಯುಫೇಲಿಯಾ ಹಿಟ್ಟು ಮೆತ್ತಿದ ಕೈಯಲ್ಲಿ ಬಾಗಿಲು ತೆರೆದಳು. ಮನೆಯೊಳಗೆಲ್ಲ ಸೋಂಪು, ಚಕ್ಕೆಯ ಪರಿಮಳ.

“ಬನ್ನಿ ಕೊಂಪಾದ್ರೆ. ಕಾಲು ಒರೆಸ್ಕೊಳ್ಳಿ. ಅದು ನಿಮ್ಮನೆ ಮುಂದಿನ ಕೆಸರು, ನಿಮ್ಮನೇಲೇ ಇರಲಿ.”

ಅವನು ಕಾಲು ಒರೆಸಿಕೊಂಡ. ಟೋಪಿ ತೆಗೆದು ಕೈಯಲ್ಲಿ ತಿರುವಿದ. “ಬೈದುಬಿಡಿ. ಆಮೇಲೆ ಏನು ಮಾಡೋದು ಹೇಳಿ.”

“ಬೈಯೋಕೆ ಬಿಡುವಿಲ್ಲ, ಒಲೇಲಿ ಬಿಸ್ಕತ್ತಿದೆ,” ಎಂದು ಅವಳು ಅವನ ಮುಂದೆ ಕಾಫಿ ಇಟ್ಟಳು. “ಒಂದು ಕೇಳ್ತೀನಿ. ನಮ್ಮ ಹಿರಿಯರು ಯಾಕೆ ಕೋಲು ಹಿಡಿದು ಅಳೆಯೋ ಪದ್ಧತಿ ಮಾಡಿದ್ರು? ಅವರವರ ಮನೆ ಮುಂದೆ ಅವರವರು ನಿಂತ್ಕೊಳ್ಳೋದು ಅವರಿಗೆ ಗೊತ್ತಿರಲಿಲ್ವಾ?”

“ನೀವೇ ಹೇಳಿ.”

“ಅವರವರದು ಅವರವರು ಮಾಡಿದ್ರೆ, ಯಾರ ಮುಂದೂ ಇಲ್ಲದ್ದು ಉಳಿದುಬಿಡುತ್ತೆ. ಶಾಲೆ ಮುಂದಿಂದು, ಸ್ಮಶಾನದ ಪಕ್ಕದ್ದು, ಹಳ್ಳ ದಾಟೋ ಕಡೆದು. ನಮ್ಮ ಕಾಲುವೆಯಲ್ಲಿ ಅಂಥದ್ದೇ ಜಾಸ್ತಿ ಇದೆ. ನೀರೇನು ಬೇಲಿ ನೋಡ್ಕೊಂಡು ಹರಿಯುತ್ತಾ? ಅದಕ್ಕೇ ನಿಮ್ಮ ಮುಂದಿಂದು ನಾನು ತೆಗೀತೀನಿ, ನನ್ನ ಮುಂದಿಂದು ಇನ್ಯಾರೋ ತೆಗೀತಾರೆ. ಯಾರೂ ಯಾರಿಗೂ ಉಪಕಾರ ಮಾಡಿದ ಹಾಗಿರಲ್ಲ. ಕೆಲಸ ಮಾತ್ರ ಆಗಿರುತ್ತೆ.”

ಒನೋಫ್ರೆ ಕಾಫಿ ಕುಡಿದ. “ಮಶೀನು ವಾಪಸ್ ಕೊಟ್ಟೆ. ಇದ್ರೂ ಆ ಬೇರುಗಳ ನಡುವೆ ಅದು ಇಳಿಯಲ್ಲ. ಜನ ಬೇಕು. ಈಗ ಕರೆದ್ರೆ ಬರ್ತಾರಾ?”

“ನಿಮ್ಮನ್ನ ಆಡಿಕೊಳ್ಳೋಕಂತೂ ಬಂದೇ ಬರ್ತಾರೆ. ಬಂದೋರ ಕೈಗೆ ಸಲಿಕೆ ಕೊಟ್ರಾಯ್ತು.”

“ನೀವು ಒಂದು ಮಾತು ಹೇಳಿದ್ರೆ...”

“ನಾನು ಕರೆದ್ರೆ ಅದು ನನ್ನ ಕೆಲಸ ಆಗುತ್ತೆ. ನೀವೇ ಹೋಗಿ, ಮನೆ ಮನೆಗೆ. ಇನ್ನೊಂದು ಮಾತು. ಮದುವೆಗೋಸ್ಕರ ಬನ್ನಿ ಅಂತ ಕರೀಬೇಡಿ. ಕಾಲುವೆಗೆ ಬನ್ನಿ ಅಂತ ಕರೀರಿ.”

ಒನೋಫ್ರೆ ಹೋದ. ಅಷ್ಟು ದಪ್ಪ ಮೀಸೆಯ ಮನುಷ್ಯ ಒಂದೊಂದು ಬಾಗಿಲ ಮುಂದೆಯೂ ಟೋಪಿ ತೆಗೆದು ನಿಂತ. ಒಬ್ಬಾಕೆ, ಯಾಕಪ್ಪಾ, ನಿನ್ನ ಮಶೀನಿಗೆ ಹುಷಾರಿಲ್ವಾ ಎಂದಳು. ಮತ್ತೊಬ್ಬ, ನಂದು ನಾನು ತೆಗೆದಿದೀನಲ್ಲ, ನೀನೇ ಹೇಳಿಕೊಟ್ಟಿದ್ದು ಎಂದ. ಕಾಲುವೆಯ ಕಟ್ಟಕಡೆಯಲ್ಲಿರುವ ತ್ರಿನಿದಾದ್ ಅಬೈತಾ ಬಾಗಿಲಲ್ಲೇ ಕೈಕಟ್ಟಿ ನಿಂತುಕೊಂಡ. ಅವನ ಬಟಾಣಿ ಸಸಿಗಳು ನೀರಿಲ್ಲದೆ ತಲೆ ಬಾಗಿಸಿದ್ದವು.

“ನಿಮಗೆ ನೀರು ಹೆಚ್ಚಾಯ್ತು ಅಂತ ಬಂದಿದೀರಾ, ನನಗೆ ಇಲ್ಲ ಅಂತ ಬಂದಿದೀರಾ?” ಎಂದು ಕೇಳಿದ.

“ಎರಡಕ್ಕೂ ಕಾರಣ ಒಂದೇ, ತ್ರಿನಿದಾದ್. ನಾನು.”

ತ್ರಿನಿದಾದ್ ಕಟ್ಟಿದ ಕೈ ಬಿಟ್ಟ. “ಎಷ್ಟು ಹೊತ್ತಿಗೆ ಬರಬೇಕು?”

ಶುಕ್ರವಾರ ಬೆಳಿಗ್ಗೆ ಶಾಲೆಯ ಬಯಲಿನ ಮೇಲೆ ಗಾಡಿಗಳು ಸಾಲುಗಟ್ಟಿದವು. ಸೊಂಟ ನೋವಿನವರು ಬಂದರು, ಹಸುವಿನವನು ಬಂದ, ಡೆನ್ವರ್ ಅತ್ತೆಯೂ ಅಳಿಯನ ಹಿಂದೆ ಸಲಿಕೆ ಹಿಡಿದು ಬಂದಳು. ಊರವರು ಅವಳನ್ನು ನಿಜವಾಗಿ ಕಂಡದ್ದು ಅವತ್ತೇ. ಮದುವೆಗೆಂದು ಆಲ್ಬುಕರ್ಕಿಯಿಂದ ಆಗಲೇ ಬಂದಿಳಿದಿದ್ದ ಗಂಡಿನ ಕಡೆಯವರೂ ಬಂದರು. ಗಂಡು ಎಸ್ತೆವಾನ್ ಹೊಸ ಬೂಟು ಹಾಕಿಕೊಂಡು ಬಂದಿದ್ದ.

“ಸಲಿಕೆ ಹಿಡಿಯೋದು ಆ ತುದಿ ಅಲ್ಲಪ್ಪಾ,” ಎಂದಳು ಯುಫೇಲಿಯಾ. “ಅನಲೀಸಾ, ಇನ್ನೂ ಒಂದು ದಿನ ಟೈಮಿದೆ, ಯೋಚನೆ ಮಾಡು.”

“ಮಾಡ್ತಿದೀನಿ,” ಎಂದಳು ಅನಲೀಸಾ, ಆಗಲೇ ಕಾಲುವೆಗೆ ಇಳಿದಿದ್ದವಳು. ಅವಳ ಮುಖದಲ್ಲಿ ನಿನ್ನೆಯ ಮೌನ ಇರಲಿಲ್ಲ.

ಕಾಲುವೆಯಿಂದ ಎತ್ತಿದ ಮುರುಕಲು ಕುರ್ಚಿಗೆ ಕಲ್ಲು ಕೊಟ್ಟು ದೋನ್ ಮೆಲಿತೋನ್‌ನನ್ನು ಕೂರಿಸಿದರು. ಅವನು ಒಂದೊಂದು ತುಂಡಿಗೂ ಕೋಲು ಮುಂದೆ ಮಾಡಿ ತೋರಿಸಿದ, ಯುಫೇಲಿಯಾ ಗೆರೆ ಎಳೆದಳು. ಒನೋಫ್ರೆ ತನ್ನ ಬೇಲಿಯ ಪಕ್ಕಕ್ಕೇ ಹೋಗಿ ನಿಂತಿದ್ದ.

“ಅಲ್ಲಿ ಯಾಕೆ ನಿಂತೆ?” ಎಂದ ಮುದುಕ.

“ಇದು ನನ್ನ ಬೇಲಿ ಪಕ್ಕದ್ದು. ನಾನು ತೆಗೀತೀನಿ.”

“ನಿನ್ನದು ಅಂತ ಇಲ್ಲಿ ಏನೂ ಇಲ್ಲ. ಆ ತುದೀಲಿ ಬೇರಿನ ಹತ್ತಿರ ಹೋಗು. ತ್ರಿನಿದಾದ್ ಪಕ್ಕ.”

ಆ ಬೇರು ಮನುಷ್ಯನ ತೊಡೆಯಷ್ಟು ದಪ್ಪ ಇತ್ತು. ಒನೋಫ್ರೆ ಒಂದು ಕಡೆಯಿಂದ, ತ್ರಿನಿದಾದ್ ಇನ್ನೊಂದು ಕಡೆಯಿಂದ ಕೊಡಲಿ ಹಾಕಿದರು. ಮೊದಲು ಬೇರನ್ನು ಬೈದರು. ಬೇರನ್ನು ಬೈಯುತ್ತ ಬೈಯುತ್ತ ರಸ್ತೆ ಇಲಾಖೆಯನ್ನು ಬೈದರು, ಗಾಳಿಯನ್ನು ಬೈದರು, ತ್ರಿನಿದಾದನ ಹಳೆಯ ಟ್ರ್ಯಾಕ್ಟರನ್ನು ಬೈದರು. ಬೇರು ತುಂಡಾಗಿ ಹೊರಗೆ ಬರುವ ಹೊತ್ತಿಗೆ, ಮುಂದಿನ ವಾರ ಆ ಟ್ರ್ಯಾಕ್ಟರು ನೋಡಲು ಬರುತ್ತೇನೆ ಎಂದು ಒನೋಫ್ರೆ ಒಪ್ಪಿಯೂ ಆಗಿತ್ತು. ತಲೆಯೆತ್ತಿ ಸಾಲನ್ನು ನೋಡಿದ. ಅವನ ಬೇಲಿಯ ಪಕ್ಕದ ತುಂಡಿನಲ್ಲಿ ಡೆನ್ವರ್ ಅತ್ತೆ ಬಗ್ಗಿದ್ದಳು. ಅವನು ತುಳಿದು ಸರಿ ಮಾಡಿದ್ದ ಆ ಏರಿಯ ತಲೆಗೆ ಎಸ್ತೆವಾನ್ ಹುಲ್ಲು ಸಮೇತ ಕಿತ್ತ ಮಣ್ಣಿನ ಹೆಂಟೆ ಜೋಡಿಸುತ್ತಿದ್ದ. ಇವರ್ಯಾರಿಗೂ ಅವನು ಏನೂ ಕೊಡಬೇಕಾದ್ದಿರಲಿಲ್ಲ, ಅವರೂ ಕೇಳುವವರಲ್ಲ. ಒನೋಫ್ರೆ ತೋಳಿನಿಂದ ಕಣ್ಣು ಒರೆಸಿಕೊಂಡ. ಧೂಳು ಎಂದು ತ್ರಿನಿದಾದನಿಗೆ ಹೇಳಿದ.

ಎಲ್ಲರ ತುಂಡೂ ಮುಗಿದಿತ್ತು. ದೋನ್ ಮೆಲಿತೋನ್ ಕೂಗಲು ಬಾಯಿ ತೆರೆದ. ಬೆಳಗಿನಿಂದ ಮಾತಾಡಿ ಅವನ ಸ್ವರ ಒಡೆದುಹೋಗಿತ್ತು, ಬರೀ ಗಾಳಿ ಬಂತು. ಅವನು ಒನೋಫ್ರೆಯ ಕಡೆ ನೋಡಿ ಗದ್ದ ಎತ್ತಿ ಸನ್ನೆ ಮಾಡಿದ.

“ವುಯೆಲ್ತಾ,” ಎಂದು ಒನೋಫ್ರೆ ಕೂಗಿದ. ಮಶೀನಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಸ್ವರ ಅದು. ಬೆಟ್ಟಕ್ಕೆ ಹೋಗಿ ವಾಪಸು ಬಂತು. ಸೌದೆಯ ಮೇಲಿದ್ದ ಹುಂಜ ಉತ್ತರ ಕೊಟ್ಟಿತು. ಇಡೀ ಸಾಲು ನಗುತ್ತ ಮುಂದಕ್ಕೆ ನಡೆಯಿತು.

ಸಂಜೆಯ ಹೊತ್ತಿಗೆ ನೀರು ಬಿಟ್ಟರು. ಎಲ್ಲರೂ ಕಸ ಎಳೆಯಲು ಕೈಕುಂಟೆ ಹಿಡಿದು ನೀರಿನ ಮೂತಿಯ ಜೊತೆ ಜೊತೆಗೆ ದಂಡೆಯ ಮೇಲೆ ನಡೆದರು. ನೀರು ಒನೋಫ್ರೆಯ ತೂಬು ದಾಟಿತು, ಶಾಲೆಯ ಬಯಲು ಬಳಸಿತು, ಬೇರು ಇದ್ದ ಜಾಗದಲ್ಲಿ ಒಂದು ಸುತ್ತು ಸುತ್ತಿ ನೋಡಿ ಮುಂದೆ ಹೋಯಿತು. ತ್ರಿನಿದಾದ್ ಅದರ ಜೊತೆ ಓಡಿಯೇ ಹೋದ.

ಉಳಿದದ್ದು ಅಂಗಳ. ಬಿಸಿಲು ಎಷ್ಟು ಕಾದರೂ ನಾಳೆಗೆ ಆ ಕೆಸರು ಆರುವಂತಿರಲಿಲ್ಲ. ಒನೋಫ್ರೆ ಮಗಳ ಹತ್ತಿರ ಬಂದ.

“ಮಗಳೇ, ಮಾತು ಕೊಟ್ಟಿದ್ದೆ. ಉಳಿಸ್ಕೊಳ್ಳೋಕೆ ಆಗಲಿಲ್ಲ.”

ಅನಲೀಸಾ ಕಾಲುವೆಯ ಏರಿ ಹತ್ತಿ ಸುತ್ತ ನೋಡಿದಳು. ಎತ್ತರದ ಬಯಲು, ಒಣ ನೆಲ, ಕಾಟನ್‌ವುಡ್ ಮರಗಳ ಹೊಸ ಚಿಗುರು, ಕೆಳಗೆ ಹರಿಯುವ ನೀರು. “ಅಪ್ಪಾ, ಇಲ್ಲೇ ಕುಣಿದ್ರೆ ಏನು?”

“ಇಲ್ಲೇನಾ? ಇದು ಯಾರ ಜಾಗ, ಯಾರನ್ನ ಕೇಳೋದು?”

“ಯಾರದ್ದೂ ಅಲ್ಲ ಅಂದ್ಮೇಲೆ ನಿಮ್ಮದಂತೂ ಅಲ್ಲ, ನೀವೇ ಹೇಳಿದ್ರಿ,” ಎಂದಳು ಯುಫೇಲಿಯಾ ಹಿಂದಿನಿಂದ. “ನಿಮ್ಮೊಬ್ಬರದಲ್ಲ, ನಿಜ. ಎಲ್ಲಾರದ್ದೂ. ಎಲ್ಲಾರೂ ಇಲ್ಲೇ ಇದಾರೆ, ಕೇಳಿ.”

ಒನೋಫ್ರೆ ಟೋಪಿ ತೆಗೆದ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡಿದ್ದ ಅಷ್ಟು ಜನರ ಮುಂದೆ ನಿಂತು ಕೇಳಿದ. “ನಾಳೆ ನನ್ನ ಮಗಳ ಮದುವೆಯ ಕುಣಿತಕ್ಕೆ ಈ ಜಾಗ ಕೊಡ್ತೀರಾ?”

ಡೆನ್ವರ್ ಅತ್ತೆ ಸಲಿಕೆ ಊರಿ ನಿಂತು ಕೇಳಿದಳು, “ಊಟ ಇದೆಯಾ?”

ಊಟ ಇತ್ತು. ಮೆಣಸಿನಕಾಯಿ ಹಾಕಿದ ಹಂದಿ ಮಾಂಸ, ಪಿಂಟೊ ಕಾಳು, ಜೋಳದ ಹಿಟ್ಟಿನ ಕಡುಬಿನಂಥ ತಮಾಲೆ, ಯುಫೇಲಿಯಾಳ ಬಿಸ್ಕೊಚೀತೊ. ಪಿಟೀಲು, ಗಿಟಾರು ಇತ್ತು. ಕರೆದವರು ಬಂದರು, ಹಿಂದಿನ ದಿನ ಅಗೆದವರು ಹೇಗೂ ತಮ್ಮದೇ ಜಾಗ ಎಂಬಂತೆ ಬಂದರು. ಎಸ್ತೆವಾನನ ಅಂಗೈ ತುಂಬ ಬೊಬ್ಬೆ. ಅನಲೀಸಾ ಆ ಕೈಯನ್ನು ಅವತ್ತೆಲ್ಲ ಮೆಲ್ಲಗೆ ಹಿಡಿದುಕೊಂಡಿದ್ದಳು. ಮದುಮಕ್ಕಳ ಹಿಂದೆ ಜೋಡಿ ಜೋಡಿಯಾಗಿ ಎಲ್ಲರೂ ಸಾಲುಗಟ್ಟಿ ನಡೆಯುವ ಕುಣಿತ ಶುರುವಾದಾಗ ಆ ಸಾಲು ಬಯಲು ಸಾಲದೆ ಕಾಲುವೆಯ ದಂಡೆಯ ಮೇಲೂ ಹೋಗಿ ಬಂತು. ಪಕ್ಕದಲ್ಲಿ ನೀರೂ ಹೋಗುತ್ತಿತ್ತು.

ಕುಣಿದು ಸುಸ್ತಾದ ಒನೋಫ್ರೆ ದೋನ್ ಮೆಲಿತೋನ್‌ನ ಪಕ್ಕ ಬಂದು ಕೂತ.

“ಆ ಕೋಲು ಕೊಡಿ.”

“ಯಾಕೆ? ಊರೆಲ್ಲರ ಹತ್ತಿರ ಬೈಸ್ಕೊಳ್ಳೋಕೆ ಹುಚ್ಚಾ ಅಂದಿದ್ಯಂತೆ.”

“ಸ್ವಲ್ಪ ಇದೆ ಅನ್ಸುತ್ತೆ.”

“ನಾನು ಕೊಡೋಕೆ ಬರಲ್ಲ. ಜನ ಕೈ ಎತ್ತಬೇಕು,” ಎಂದು ಮುದುಕ ಯುಫೇಲಿಯಾಳನ್ನು ಕರೆದ. ಅವಳು ಪಿಟೀಲಿನವನ ಬಿಲ್ಲನ್ನು ಹಿಡಿದು ನಿಲ್ಲಿಸಿ, ಒನೋಫ್ರೆ ಮಾಯೆಸ್ತಾಸ್ ನೀರುಗಂಟಿ ಆಗಬೇಕು ಅನ್ನೋರು ಕೈ ಎತ್ತಿ ಎಂದಳು. ತಮಾಲೆ ಹಿಡಿದ ಕೈ, ಲೋಟ ಹಿಡಿದ ಕೈ, ಜೋಡಿಯ ಕೈ ಹಿಡಿದಿದ್ದ ಕೈ, ಎಲ್ಲ ಮೇಲೆದ್ದವು. ಸರಿಯಾದ ಸಭೆ ಸೇರಿ ಮತ್ತೊಮ್ಮೆ ಎತ್ತಬೇಕಾಗುತ್ತೆ ಎಂದು ಅವಳು ಎಚ್ಚರಿಸಿದಳು. ಎತ್ತೋಣ, ಆಗಲೂ ಊಟ ಇರಲಿ ಎಂದು ಯಾರೋ ಕೂಗಿದರು.

ಮುಂದಿನ ವಸಂತದಲ್ಲಿ ಆ ಶನಿವಾರ ಬೆಳಿಗ್ಗೆ ಒನೋಫ್ರೆ ಎಲ್ಲರಿಗಿಂತ ಮೊದಲು ಬಂದು, ಕೋಲು ಹಿಡಿದು ನಿಂತಿದ್ದ. ಅವನ ಮನೆಯ ಮುಂದಿನ ತುಂಡು ತ್ರಿನಿದಾದನಿಗೆ ಬಿತ್ತು. ಬೈಗುಳ ಆ ಬೇಸಿಗೆಯೆಲ್ಲ ಬೇಕಾದಷ್ಟು ಸಿಕ್ಕಿತು. ಮೇಲಿನವನೂ ಬೈದ, ಕೆಳಗಿನವನೂ ಬೈದ. ಒನೋಫ್ರೆ ಸಂಜೆ ಮನೆಗೆ ಬಂದು ಒಂದೊಂದನ್ನೂ ಅವರವರ ದನಿಯಲ್ಲೇ ಆಡಿ ತೋರಿಸಿ ಓರ್ಲಿಂದಾಳನ್ನು ನಗಿಸುತ್ತಿದ್ದ.

ಇದನ್ನು ಓದುತ್ತಿರುವ, ಗುಂಪಿನಲ್ಲಿ ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಯಾರ ಮನೆಯ ಮುಂದೂ ಇಲ್ಲದ ಒಂದು ತುಂಡು ಇದೆ. ಅದು ಚರಂಡಿಯ ತಿರುವು ಇರಬಹುದು, ಬಸ್‌ಸ್ಟ್ಯಾಂಡಿನ ಕಟ್ಟೆ, ಬೋರ್‌ವೆಲ್ಲಿನ ಸುತ್ತಲಿನ ಜಾಗ, ಶಾಲೆಯ ಕಾಂಪೌಂಡಿನ ಹಿಂಭಾಗ ಇರಬಹುದು. ನಮ್ಮ ಮನೆಯ ಮುಂದೆ ಗುಡಿಸುವುದು ಒಳ್ಳೆಯದೇ, ಅದನ್ನು ಬಿಡಬೇಡಿ. ಆದರೆ ಊರಿನ ಕೆಲಸ ಶುರುವಾಗುವುದು ನಮ್ಮ ಬೇಲಿ ಮುಗಿದ ಮೇಲೆ. ಈ ವಾರ ನಿಮ್ಮ ಗುಂಪಿನವರು ಒಟ್ಟಿಗೆ ಒಮ್ಮೆ ನಡೆದು, ಆ ತುಂಡು ಯಾವುದು ಎಂದು ನೋಡಿ ಬನ್ನಿ. ಒಂದು ಬೆಳಿಗ್ಗೆ ಗೊತ್ತು ಮಾಡಿ. ನೆರೆಯವರನ್ನು ನೀವೇ ಹೋಗಿ ಕರೆಯಿರಿ. ಆಡಿಕೊಂಡರೆ ಆಡಿಕೊಳ್ಳಲಿ, ಅವರ ಕೈಗೂ ಒಂದು ಸಲಿಕೆ ಕೊಡಿ. ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಒಟ್ಟಿಗೆ ಒಂದು ತುತ್ತು ಉಣ್ಣಿ.

ಬೇಗ ಬನ್ನಿ. ಸಲಿಕೆ ಮಾತ್ರ ನಿಮ್ಮದೇ ತನ್ನಿ. ನಿಮ್ಮ ತುಂಡು ಯಾವುದು ಅಂತ ಅಲ್ಲಿಗೆ ಬಂದ ಮೇಲೆ ಹೇಳುತ್ತೇವೆ.